ಷೇರು ಪತ್ರದ ಹೆಂಗಸಿಗೆ ಹೂವಿನ ಫ್ರಾಕು

ಶಿಕಾಗೊ, ಅಕ್ಟೋಬರ್ ೯

ಪ್ರೀತಿಯ ತಂಗಿ ವಾಂಡಾ,

ಲಿಯಾನ್ ಭಾವನ ಮಂಡಿನೋವು ಹೇಗಿದೆ? ಮಗಳು ಸ್ಟೆಫನಿಯ ಕೆಮ್ಮು ಇಳಿಯಿತೆ? ನಾನು ಗಟ್ಟಿಯಾಗಿದ್ದೇನೆ. ನನ್ನ ಜೆನೆವೀವ್ ತೀರಿಕೊಂಡ ಮೇಲೆ ಒಬ್ಬನಿಗೇ ಸೂಪು ಮಾಡುವ ಅಳತೆ ಮಾತ್ರ ಇನ್ನೂ ಕೈಗೆ ಹತ್ತಿಲ್ಲ.

ನಾನು ದುಡಿದ ಗಂಡಸರ ಪತ್ರಿಕೆಯ ಕಂಪನಿ ಷೇರು ಬಿಟ್ಟಾಗ, ಷೇರು ಪತ್ರದ ಮೇಲಿನ ಬೆತ್ತಲೆ ಹೆಂಗಸಿನ ಚಿತ್ರಕ್ಕಾಗಿಯೇ ಜನ ಒಂದೊಂದು ಷೇರು ಕೊಂಡು ಗೋಡೆಗೆ ಹಾಕಿಕೊಂಡರು. ನಾನೂ ಹಾಕಿದೆ. "ಪಾದ್ರಿಗಳು ಊಟಕ್ಕೆ ಬಂದ್ರೆ ಇವಳನ್ನ ಎಲ್ಲಿ ಬಚ್ಚಿಡ್ಲಿ?" ಎಂದು ಜೆನೆವೀವ್ ತನ್ನ ಕೆಂಪು ಹೂವಿನ ಏಪ್ರನ್ನಿನ ಚೂರಿನಿಂದ ಪುಟ್ಟ ಫ್ರಾಕು ಹೊಲಿದು ಅವಳ ಮೇಲೆ ಅಂಟಿಸಿದಳು.

ಈಗ ಕಂಪನಿ ಕೈಬದಲಾಗಿದೆ, ಪತ್ರಿಕೆಯೂ ನಿಂತಿದೆ. ಮೊನ್ನೆ ಹಳೆಯ ಷೇರು ಪತ್ರ ಸಂಗ್ರಹಿಸುವವನೊಬ್ಬ ಬಂದಿದ್ದ.

"ಅಯ್ಯೋ ತಾತ, ಇವಳಿಗೆ ಯಾರು ಬಟ್ಟೆ ತೊಡ್ಸಿದ್ದು? ಕಿತ್ಬಿಡ್ತೀನಿ. ಬಟ್ಟೆ ಹರಿಯತ್ತೆ ಅಷ್ಟೆ, ಕಾಗದಕ್ಕೇನೂ ಆಗಲ್ಲ. ಒಳ್ಳೆ ಬೆಲೆ ಕೊಡ್ತೀನಿ."

"ಕಾಫಿ ಕುಡ್ಕೊಂಡು ಹೊರಡಪ್ಪ" ಎಂದೆ.

ವಸಂತದಲ್ಲಿ ಜೆನೆವೀವಳ ಬಟ್ಟೆಗಳನ್ನೆಲ್ಲ ಅವಸರಪಟ್ಟು ಚರ್ಚಿಗೆ ಕೊಟ್ಟುಬಿಟ್ಟೆ, ವಾಂಡಾ. ಅವಳ ಕೈಯ ಹೊಲಿಗೆ ಎಂದು ಮನೆಯಲ್ಲಿ ಉಳಿದಿರುವುದು ಇದೊಂದೇ. ಅದರ ಕೆಂಪು ಹೂಗಳೂ ಬಿಸಿಲಿಗೆ ಮಾಸುತ್ತಿವೆ. ಬಟ್ಟೆಯ ಗುಣ ಬಲ್ಲವಳು ನೀನು. ಯಾವ ಗೋಡೆಗೆ ಹಾಕಿದರೆ ಹೆಚ್ಚು ಕಾಲ ಬಾಳುತ್ತದೆಂದು ಬೇಗ ಬರೆ.

ನಿನ್ನ ಅಣ್ಣ,
ಕ್ಯಾಸಿಮಿರ್