ಮೂರನೇ ಗೇಟಿನಲ್ಲಿ ಬಾಗಿಲು ತೆಗೆದವಳು ನಾನು

ರಾಷ್ಟ್ರೀಯ ಉದ್ಯಾನದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಕ್ಷೇಮವೇ? ಮನೆಯಲ್ಲಿ ನಿಮ್ಮವರು, ಮಕ್ಕಳು ಚೆನ್ನಾಗಿದ್ದಾರೆಯೇ? ಟಿಕೆಟ್ ಕಿಟಕಿಯ ಹೆಣ್ಣುಮಗಳ ಕೆಮ್ಮು ಇಳಿಯಿತೇ? ಮಿನಿಬಸ್ಸಿನ ಡ್ರೈವರಣ್ಣನ ಸೊಂಟನೋವು ಹೇಗಿದೆ? ಕಾಲಿಗೆ ಮುಳ್ಳು ಹೊಕ್ಕ ಮರಿಯಾನೆಯ ಫೋಟೋವನ್ನು ಫಲಕದಲ್ಲಿ ಹಾಕಿದ್ದಿರಲ್ಲ, ಅದು ಈಗ ನೆಟ್ಟಗೆ ನಡೆಯುತ್ತಿದೆಯೇ? ಎಲ್ಲರೂ ಚೆನ್ನಾಗಿರಲಿ. ನಮ್ಮ ಮನೆಯಲ್ಲಿ ಯಾರೂ ಚೆನ್ನಾಗಿಲ್ಲ. ನಿಮ್ಮ ಮೂರನೇ ಗೇಟಿನ ಕಾವಲುಗಾರ, ಅಂದರೆ ನನ್ನ ಅಳಿಯ, ಮಾಡದ ತಪ್ಪಿಗೆ ಕೆಲಸ ಕಳೆದುಕೊಳ್ಳುವ ಹಾಗಿದ್ದಾನೆ. ಹದಿನೆಂಟನೇ ತಾರೀಕು ವಿಚಾರಣೆ. ತಪ್ಪು ಮಾಡಿದವಳು ನಾನು. ಅದನ್ನು ಹೇಳಲು ನಿಮ್ಮ ಕಚೇರಿಗೆ ನಾಲ್ಕು ಸಲ ಬಂದೆ, ಕೇಳುವ ಕಿವಿ ಒಂದೂ ಸಿಗಲಿಲ್ಲ. ಅದಕ್ಕೇ ನಾಲ್ಕು ಜನ ಓದುವ ಹಾಗೆ ಪತ್ರಿಕೆಗೆ ಬರೆಯುತ್ತಿದ್ದೇನೆ.

ಅಳಿಯನಿಗೆ ಐದು ತಿಂಗಳಿಂದ ರಜೆ ಇಲ್ಲ. ಮೊದಲು ಕಾಡ್ಗಿಚ್ಚಿನ ಕಾಲ ಎಂದಿರಿ. ಆಮೇಲೆ ಪ್ರಾಣಿಗಣತಿ ಎಂದಿರಿ. ಅದೂ ಮುಗಿದ ಮೇಲೆ, ಯಾರೋ ದೊಡ್ಡವರು ಕಾಡು ನೋಡಲು ಬರುತ್ತಾರೆ ಎಂದಿರಿ. ಅಲ್ಲಿ ಫೋನೂ ಸಿಗುವುದಿಲ್ಲ. ಯಾವ ಚಿರತೆಗೆ ಎಷ್ಟು ಮರಿ ಎಂದು ಫೋಟೋ ಸಮೇತ ಬರೆದಿಟ್ಟಿದ್ದೀರಿ, ಬಹಳ ಸಂತೋಷ. ಕಾವಲುಗಾರನಿಗೆ ಎಷ್ಟು ಮರಿ ಎಂದು ಯಾರಾದರೂ ವಿಚಾರಿಸಿದ್ದುಂಟೇ? ಎರಡು, ಸ್ವಾಮಿ. ದೊಡ್ಡವಳಿಗೆ ಏಳು ವರ್ಷ, ಚೋಟುವಿಗೆ ನಾಲ್ಕು. ಎರಡೂ ಹೆಣ್ಣು.

ದಾರಿ ಹುಡುಕಿದ್ದು ದೊಡ್ಡವಳು. ಶಾಲೆಯಲ್ಲಿ ಹಂಚಿದ ನಿಮ್ಮ ನಕ್ಷೆಯ ಮೇಲೆ ಬೆರಳಿಟ್ಟು, "ಅಜ್ಜಿ, ಪ್ರವಾಸಿಗರ ಬಸ್ಸು ಮೂರನೇ ಗೇಟಲ್ಲಿ ನಿಲ್ಲುತ್ತಂತೆ. ಟಿಕೆಟ್ ತಗೊಂಡ್ರೆ ಅಪ್ಪನ್ನ ನೋಡಬಹುದಲ್ವಾ?" ಎಂದಳು. ಆ ಭಾನುವಾರ ನನ್ನ ಮಗಳಿಗೆ ಕಾರ್ಖಾನೆಯಲ್ಲಿ ಪಾಳಿ ಇತ್ತು. ನಾನೇ ಮಕ್ಕಳಿಗೆ ತಲೆ ಬಾಚಿ, ಇಸ್ತ್ರಿ ಮಾಡಿದ ಫ್ರಾಕು ಹಾಕಿ ಕರೆದುಕೊಂಡು ಬಂದೆ. ಜನ ಆನೆ ನೋಡಲು ಬರುತ್ತಾರೆ, ಇವರು ಅಪ್ಪನನ್ನು ನೋಡಲು ಬಂದರು. ಇಂಥ ಪ್ರವಾಸಿಗರು ನಿಮ್ಮಲ್ಲಿಗೆ ಎಷ್ಟು ಜನ ಬರುತ್ತಾರೋ ಕಾಣೆ.

ಬಸ್ಸಿನಲ್ಲಿ ದೊಡ್ಡ ಕ್ಯಾಮೆರಾ ನೇತುಹಾಕಿಕೊಂಡಿದ್ದ ಯಜಮಾನರೊಬ್ಬರು ಚೋಟುವನ್ನು ಮಾತಾಡಿಸಿದರು. "ಏನು ಪುಟ್ಟಿ, ಆನೆ ನೋಡ್ಬೇಕಾ?"

"ಬೇಡ. ನಮ್ಮಪ್ಪನ್ನ ನೋಡ್ಬೇಕು."

"ಅಪ್ಪ ಕಾಡಲ್ಲಿ ಇರ್ತಾರಾ?"

"ಹೂಂ. ಆನೆಗಳಿಗೆಲ್ಲ ಅವರೇ ಸಾರ್."

ಬಸ್ಸೆಲ್ಲ ನಕ್ಕಿತು. ದೊಡ್ಡವಳು ನಾಚಿಕೊಂಡು, "ಸುಮ್ನಿರೇ, ಮಾನ ಕಳೀಬೇಡ" ಎಂದು ತಂಗಿಯ ತೊಡೆ ಚಿವುಟಿದಳು.

ಈಗ ನನ್ನ ಕೈಯ ವಿಷಯಕ್ಕೆ ಬರುತ್ತೇನೆ. ನಾನು ಇಪ್ಪತ್ತಾರು ವರ್ಷ ಶಾಲಾ ಬಸ್ಸಿನಲ್ಲಿ ಆಯಾ ಆಗಿದ್ದವಳು. ನಾಲ್ಕಕ್ಷರ ಕಲಿತದ್ದೂ ಆ ಬಸ್ಸಿನಲ್ಲೇ, ಮಕ್ಕಳ ಪುಸ್ತಕ ನೋಡಿಕೊಂಡು. ಬಾಗಿಲ ಪಕ್ಕದ ಸೀಟೇ ನನ್ನ ಜಾಗ. ನನಗೆ ಕಲಿಸಿದ್ದ ನಿಯಮ ಒಂದೇ: ಬಸ್ಸು ಪೂರಾ ನಿಲ್ಲಬೇಕು, ಹೊರಗೆ ಮಗುವಿನ ಅಪ್ಪನೋ ಅಮ್ಮನೋ ಕಣ್ಣಿಗೆ ಬೀಳಬೇಕು, ಆಗ ಚಿಲಕ ತೆಗೆಯಬೇಕು. ಎಷ್ಟು ಸಾವಿರ ಸಲ ತೆಗೆದೆನೋ ಲೆಕ್ಕವಿಲ್ಲ. ಒಂದು ಮಗುವನ್ನೂ ತಪ್ಪು ಕೈಗೆ ಕೊಟ್ಟವಳಲ್ಲ. ಆ ದಿನವೂ ಅಭ್ಯಾಸಬಲದಿಂದ ಬಾಗಿಲ ಪಕ್ಕವೇ ಕೂತೆ. ಮೂರನೇ ಗೇಟು ಬಂತು. ಬಸ್ಸು ನಿಂತಿತು. ಹೊರಗೆ ಅಳಿಯ ಬೆನ್ನು ಮಾಡಿ ನಿಂತು, ಗೇಟಿನ ಅಡ್ಡಗಂಬ ಮೇಲೆತ್ತಲು ಹಗ್ಗ ಎಳೆಯುತ್ತಿದ್ದ. "ಅಜ್ಜಿ, ಅಪ್ಪ!" ಎಂದಳು ಚೋಟು. ನಾನು ಯೋಚಿಸಲಿಲ್ಲ. ಬಸ್ಸು ನಿಂತಿದೆ, ಅಪ್ಪ ಕಾಣುತ್ತಿದ್ದಾನೆ. ಕೈ ತಾನಾಗಿ ಚಿಲಕ ತೆಗೆಯಿತು.

ಅವಳು ಇಳಿದು ಓಡಿದಳು. ಕೂಗು ಕೇಳಿ ಅವನು ತಿರುಗಿ ನೋಡಿದ. ಮುಖದಲ್ಲಿ ಸಂತೋಷವಿರಲಿಲ್ಲ ಸ್ವಾಮಿ, ರಕ್ತವೇ ಇರಲಿಲ್ಲ. ಅರ್ಧ ಗಂಟೆಯ ಹಿಂದೆ ಅದೇ ಜಾಗದಲ್ಲಿ ಆನೆಗಳ ಹಿಂಡು ರಸ್ತೆ ದಾಟಿತ್ತಂತೆ. ಹಗ್ಗ ಬಿಟ್ಟು ಓಡಿಬಂದು ಮಗುವನ್ನು ಬಾಚಿಕೊಂಡ. ಅಡ್ಡಗಂಬ ಬಸ್ಸಿನ ಮೂತಿಯ ಮೇಲೆ ಬಿದ್ದು ದೀಪ ಒಡೆಯಿತು. ಮಗುವನ್ನು ನನ್ನ ಮಡಿಲಿಗೆ ತುರುಕಿ, "ಬಾಗಿಲು ಹಾಕಿ ಅತ್ತೆ, ಬಾಗಿಲು ಹಾಕಿ" ಎಂದ. ಐದು ತಿಂಗಳ ಮೇಲೆ ನಮಗೆ ಸಿಕ್ಕ ಮಾತು ಅಷ್ಟೇ. ದೊಡ್ಡವಳು ಕೈ ಎತ್ತಿದ್ದಳು, ಅತ್ತ ಅವನು ನೋಡಲೂ ಆಗಲಿಲ್ಲ.

ಬಸ್ಸಿನಲ್ಲಿ ಯಾರೋ ವಿಡಿಯೋ ಮಾಡಿ ಎಲ್ಲ ಕಡೆ ಹರಡಿದ್ದರು. ಅವನು ಮಗುವನ್ನು ಎತ್ತಿಕೊಳ್ಳುವ ಕ್ಷಣದಿಂದ ಅದು ಶುರುವಾಗುತ್ತದೆ. ಹಾಗಾಗಿ, ಕಾವಲುಗಾರನೇ ಮಗಳನ್ನು ಕೆಳಗೆ ಕರೆದ ಎಂದು ಜನ ತೀರ್ಮಾನಿಸಿದರು, ನೀವೂ ತೀರ್ಮಾನಿಸಿದಿರಿ. "ಕರ್ತವ್ಯಲೋಪ" ಎಂದು ನೋಟಿಸು ಕೊಟ್ಟು ಅವನನ್ನು ಕಾಡಿನ ಇನ್ನೂ ಒಳಗಿನ ಕಾವಲು ಠಾಣೆಗೆ ಕಳಿಸಿದಿರಿ. ಇನ್ನು ನನ್ನ ಅಳಿಯನೋ, ಅವನ ಬುದ್ಧಿಗೆ ಏನು ಹೇಳಲಿ? ಡ್ರೈವರಣ್ಣನ ಕೈಯಲ್ಲಿ ಚೀಟಿ ಕಳಿಸಿದ್ದಾನೆ: "ಅತ್ತೆ, ನೀವು ಬಾಯಿ ಬಿಡಬೇಡಿ. ನಿಮ್ಮ ಮೇಲೆ ಕೇಸು ಹಾಕ್ತಾರೆ. ಈ ವಯಸ್ಸಲ್ಲಿ ನಿಮಗೆ ಅಲೆದಾಟ ಬೇಡ. ನಾನೇ ಕರೆದೆ ಅಂತ ಬರೆದುಕೊಟ್ಟಿದ್ದೀನಿ."

ಇದು ಸುಳ್ಳು, ಮಾನ್ಯರೇ. ನಿಮ್ಮ ಕಡತದಲ್ಲಿರುವ ಅವನ ಸಹಿ ನಿಜ, ಅದರ ಮೇಲಿನ ಮಾತು ಸುಳ್ಳು. ಇದನ್ನು ನಿಮ್ಮ ಗುಮಾಸ್ತರ ಮುಂದೆ ಹೇಳಿದೆ. ಅವರು ಕಾಗದ ಮಗುಚಿ ನೋಡಿ, "ಅಜ್ಜಿ, ಇದರಲ್ಲಿ ನೌಕರರ ಹೇಳಿಕೆಗೆ ಮಾತ್ರ ಕಾಲಂ ಇದೆ. ನೀವು ಪ್ರವಾಸಿಗರು. ಬೇಕಾದ್ರೆ ಸಲಹೆ ಪುಸ್ತಕದಲ್ಲಿ ಬರೀರಿ" ಎಂದರು. "ತಪ್ಪು ಒಪ್ಕೊಳ್ಳೋದು ಸಲಹೆ ಆಗುತ್ತಾ ಮಗಾ?" ಎಂದು ಕೇಳಿದೆ. "ಅದು ನಮಗೆ ಬಿಟ್ಟಿದ್ದಲ್ಲ" ಎಂದರು. ಎರಡು ಪುಟ ಬರೆದೆ. ವಾರದ ಮೇಲೆ ನಿಮ್ಮ ಕಚೇರಿಯಿಂದ ಜಿಂಕೆ ಚಿತ್ರದ ಕಾರ್ಡು ಬಂತು: "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ. ಮತ್ತೆ ಬನ್ನಿ." ಅದೇ ಟಪಾಲಿನಲ್ಲಿ ಇನ್ನೊಂದು ಕಾಗದ: ನನಗೂ ಇಬ್ಬರು ಮಕ್ಕಳಿಗೂ ಒಂದು ವರ್ಷ ಪ್ರವೇಶ ನಿಷೇಧ. ಯಾವುದನ್ನು ಪಾಲಿಸಲಿ, ನೀವೇ ಹೇಳಿ.

ನಿಷೇಧ ಮಾಡಿದ್ದು ಸರಿಯೇ. ಮಗುವಿನ ಪ್ರಾಣ ಹೋಗಬಹುದಿತ್ತು. ಕಣ್ಣು ಮುಚ್ಚಿದರೆ ಆ ರಸ್ತೆಯೇ ಕಾಣುತ್ತದೆ. ಕೇಸು ಹಾಕಿ, ದಂಡ ಹಾಕಿ, ಕೂರಿಸಿ ಬಯ್ಯಿರಿ, ತಲೆ ತಗ್ಗಿಸಿ ಕೇಳುತ್ತೇನೆ. ಆದರೆ ಓಡಿಬಂದು ಎತ್ತಿಕೊಂಡವನನ್ನು ಏಕೆ ಶಿಕ್ಷಿಸುತ್ತೀರಿ? ಹಗ್ಗ ಹಿಡಿದುಕೊಂಡೇ ನಿಂತಿದ್ದರೆ ಅದು ಕರ್ತವ್ಯಪಾಲನೆ ಆಗುತ್ತಿತ್ತೇ? ಬಸ್ಸಿನ ದೀಪ ಉಳಿಯುತ್ತಿತ್ತು, ನಿಜ.

ಪಕ್ಕದ ಮನೆಯಾಕೆ ಸಮಾಧಾನ ಹೇಳುತ್ತಾಳೆ, "ಹೋಗ್ಲಿ ಬಿಡಿ ಅಕ್ಕಾ, ಕೆಲಸ ಹೋದ್ರೆ ಮನೆಗೇ ಬರ್ತಾನಲ್ಲ." ಬರುತ್ತಾನೆ. ಮಗಳನ್ನು ಆನೆ ದಾಟುವ ದಾರಿಗೆ ಕರೆದವನು ಎಂಬ ಕಾಗದ ಹಿಡಿದು ಬರುತ್ತಾನೆ. ಹನ್ನೊಂದು ವರ್ಷ ಕಾಡು ಕಾದವನಿಗೆ ಆಮೇಲೆ ಯಾರು ಒಂದು ಗೇಟು ನಂಬಿ ಕೊಡುತ್ತಾರೆ? ಚೋಟು ಈಗ "ಅಪ್ಪ" ಎನ್ನಬೇಕಾದರೆ ನನ್ನ ಕಿವಿಗೆ ಬಾಯಿಟ್ಟು ಪಿಸುಗುಡುತ್ತಾಳೆ. "ಜೋರಾಗಿ ಕರೆದ್ರೆ ಅಪ್ಪನ್ನ ಬೈತಾರೆ ಅಜ್ಜಿ" ಎನ್ನುತ್ತಾಳೆ. ನಾಲ್ಕು ವರ್ಷದ ಮಗುವಿಗೆ ಇದು ಅವಳ ತಪ್ಪಲ್ಲ ಎಂದು ಹೇಗೆ ತಿಳಿಸಲಿ? ಯಾರ ತಪ್ಪು ಎಂಬುದು ನಿಮ್ಮ ಕಚೇರಿಗೇ ಇನ್ನೂ ತಿಳಿದಿಲ್ಲ.

ನಾನು ಕೇಳುವುದು ಇಷ್ಟೇ. ಹದಿನೆಂಟರಂದು ನನ್ನನ್ನು ಒಳಗೆ ಕರೆಯಿರಿ. ಕಾಲಂ ಇಲ್ಲದಿದ್ದರೆ ಕಾಗದದ ಅಂಚಿನಲ್ಲಾದರೂ ನನ್ನ ಮಾತು ಬರೆದುಕೊಳ್ಳಿ, ಹೆಬ್ಬೆಟ್ಟು ಬೇಡ, ಸಹಿ ಮಾಡಲು ಬರುತ್ತದೆ. ಅದನ್ನು ಕೇಳಿದ ಮೇಲೂ ಅವನನ್ನು ತೆಗೆಯಲೇಬೇಕು ಎನಿಸಿದರೆ, ನಿಮ್ಮನ್ನು ತಡೆಯಲು ನಾನು ಯಾರು? ಆದರೆ ಆದೇಶದಲ್ಲಿ ಬಾಗಿಲು ತೆಗೆದವಳು ಅಜ್ಜಿ ಎಂದಿರಲಿ. ನಮ್ಮ ಮನೆಯಲ್ಲಿ ಟಪಾಲು ಬಿಡಿಸಿ ಗಟ್ಟಿಯಾಗಿ ಓದುವವಳು ದೊಡ್ಡವಳು. ತಂಗಿಯೂ ಪಕ್ಕದಲ್ಲೇ ಕೂತಿರುತ್ತಾಳೆ. ಅವರಪ್ಪ ಚೋಟುವನ್ನು ಕರೆದ ಎಂದು ದೊಡ್ಡವಳ ಬಾಯಲ್ಲಿ ಓದಿಸಬೇಡಿ. ಎತ್ತಿಕೊಂಡ ಎಂದು ಬರೆಯಿರಿ.

ಇನ್ನು ಒಂಬತ್ತೇ ದಿನ ಉಳಿದಿದೆ. ದಯವಿಟ್ಟು ಬೇಗ ಉತ್ತರ ಬರೆಯಿರಿ.

ಇಂತಿ,
ನಿಮ್ಮ ಯಾವ ಕಾಲಂನಲ್ಲೂ ಹಿಡಿಸದ
ಇಬ್ಬರು ಮಕ್ಕಳ ಅಜ್ಜಿ