ಏಳನೇ ನಂಬರಿನ ಲಿಯೋಟಾರ್ಡ್

ಫೆಬ್ರುವರಿ 3, ಸಂಜೆ 7

ಇಂದು ಬಾಗಿಲಲ್ಲಿ ಮೂವರನ್ನು ತಡೆದೆ. ಒಬ್ಬಳಿಗೆ ಉಗುರುಬಣ್ಣ. ಒಬ್ಬಳ ಟೈಟ್ಸ್ ಮೊಣಕಾಲಿನ ಬಳಿ ಹರಿದು ದಾರ ಜೋತಾಡುತ್ತಿತ್ತು — ಅಲ್ಲೇ ಕೂರಿಸಿ ಹೊಲಿದು ಒಳಗೆ ಕಳಿಸಿದೆ. ಮೂರನೆಯವಳು ಮನೆಯವಳೇ. ನಮ್ಮ ಮೆಣಸಿ. ತುರುಬಿನ ಮೇಲೆ ಹಸಿರು ಕ್ಲಿಪ್ಪು. ಮಧ್ಯಾಹ್ನ ನಾನೇ ಕಟ್ಟಿದ ತುರುಬು, ಕ್ಲಿಪ್ಪು ಯಾವ ಮಾಯದಲ್ಲಿ ಹತ್ತಿತೋ. ತೆಗೆ ಎಂದೆ. ಮುಖ ಊದಿಸಿಕೊಂಡು ತೆಗೆದಳು. ಅಪ್ಪನೇ ಮಗಳನ್ನು ತಡೆದರೆ ಉಳಿದ ತಾಯಂದಿರು ಬಾಯಿ ಬಿಡುವುದಿಲ್ಲ. ಅದೊಂದು ಅನುಕೂಲ.

ನಾನು ಟೈಲರ್. ಬ್ಯಾಲೆ ಶಾಲೆಯ ಕೆಳಗೇ ಅಂಗಡಿ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಬದಲಿಸುವುದು — ಇದೇ ನನ್ನ ಜೀವನ. ಎರಡು ವರ್ಷದ ಹಿಂದೆ ಶಾಲೆಯ ಮೇಡಂ ಮಕ್ಕಳ ಶೂಗಳಿಗೆ ಎಲಾಸ್ಟಿಕ್ ಹೊಲಿಸಿಕೊಂಡು ಹೋದರು. ನಿಮ್ಮ ಕಣ್ಣು ಚೂಪು ಮಾಸ್ಟ್ರೇ ಎಂದರು. ಹೊಗಳಿಕೆಗೆ ಬಿದ್ದೆ. ಅಂದಿನಿಂದ ವಾರಕ್ಕೆ ಮೂರು ಸಂಜೆ ಮಕ್ಕಳ ಉಡುಪು ನೋಡಿ ಒಳಗೆ ಬಿಡುತ್ತಾ ಈ ಬಾಗಿಲು ಕಾಯುತ್ತಿದ್ದೇನೆ. ಮೆಣಸಿಯೂ ಆಗಲೇ ಸೇರಿದ್ದು. ಈಗ ಅವಳಿಗೆ ಎಂಟು ವರ್ಷ. ಕುಣಿಯುವಾಗ ನಾಲಿಗೆ ಹೊರಗೆ ಬರುತ್ತದೆ. ಸಂಗೀತ ಹಿಂದೆ, ಇವಳು ಮುಂದೆ.

ಫೆಬ್ರುವರಿ 12

ಪರೀಕ್ಷೆ ಮಾರ್ಚ್ 8ಕ್ಕೆ. ಹೊರಗಿನಿಂದ ಪರೀಕ್ಷಕಿ ಬರುತ್ತಾರೆ. ಮೇಡಂಗೂ ಒಳಗೆ ಪ್ರವೇಶವಿಲ್ಲ. ಹತ್ತು ಮಕ್ಕಳು, ಹತ್ತು ನಂಬರು. ಹೆಸರು ಹಿಡಿದು ಕರೆಯುವುದಿಲ್ಲ. ಪರೀಕ್ಷಕಿಗೆ ಯಾರ ಗುರುತೂ ಇರಬಾರದು.

ನಿಯಮದ ಹಾಳೆ ಎರಡು ಪುಟ. ಕಿವಿ, ಕತ್ತು, ಕೈ ಎಲ್ಲ ಬರಿದು. ತುರುಬು ಕಿವಿಯ ಮೇಲ್ತುದಿಯ ನೇರಕ್ಕೆ, ಬಲೆಯೊಳಗೆ, ಒಂದು ಕೂದಲೂ ಹಾರಬಾರದು. ಕನ್ನಡಕ ಬೇಡ. ಒಳಬಟ್ಟೆಯ ಅಂಚು ಕಾಣಬಾರದು, ಹೆಸರಿನ ಚೀಟಿ ಕಾಣಬಾರದು. ಇಷ್ಟೆಲ್ಲ ಯಾಕೆ ಎಂದು ಒಬ್ಬ ತಾಯಿ ಕೇಳಿದಳು. ಬಟ್ಟೆ ಎಲ್ಲರದ್ದೂ ಒಂದೇ ಇದ್ದರೆ ಕಣ್ಣು ಮೊಣಕಾಲಿಗೆ ಹೋಗುತ್ತದೆ ಎಂದರು ಮೇಡಂ. ಒಪ್ಪುವ ಮಾತು. ಹೊಲಿಗೆಯೂ ಹಾಗೇ. ಬಣ್ಣ ಸರಳವಿದ್ದಷ್ಟೂ ಸೊಟ್ಟ ಹೊಲಿಗೆ ಎದ್ದು ಕಾಣುತ್ತದೆ.

ಡಿಸ್ಟಿಂಕ್ಷನ್ ಬಂದವರಿಗೆ ಮಾತ್ರ ಮೇಲಿನ ಬ್ಯಾಚು. ಹೆಸರು ಕೊಡಲು ಏಪ್ರಿಲ್ 12 ಕೊನೆ. ಮೆಣಸಿಗೆ ಅದೊಂದೇ ಹುಚ್ಚು. ಮೇಲಿನ ಬ್ಯಾಚಿನವರು ಕಪ್ಪು ಲಿಯೋಟಾರ್ಡ್ ಹಾಕುತ್ತಾರಲ್ಲ, ಮೈಗಂಟುವ ಆ ಕುಣಿತದ ಉಡುಪು, ಅದು ಬೇಕು. ಕುಣಿತಕ್ಕಿಂತ ಬಟ್ಟೆಯ ಮೇಲೇ ಆಸೆ. ಯಾರ ಮಗಳು ಹೇಳಿ!

ಫೆಬ್ರುವರಿ 22

ಪರೀಕ್ಷೆಯ ಲಿಯೋಟಾರ್ಡ್ ಹೊಲಿಯಲು ಹತ್ತೂ ಮಕ್ಕಳ ಅಳತೆ ತೆಗೆದೆ. ಎದೆ, ಸೊಂಟ, ಹೆಗಲಿನಿಂದ ತೊಡೆಸಂದು. ಮೆಣಸಿಯದೂ ಕನ್ನಡಕದ ಹುಡುಗಿಯದೂ ಕೂದಲೆಳೆ ವ್ಯತ್ಯಾಸವಿಲ್ಲದೆ ಒಂದೇ. ಅವಳು ದಪ್ಪ ಕನ್ನಡಕದ, ಮಾತೇ ಆಡದ ಮಗು. ಕರೆತರುವುದು ಅವಳ ಅಜ್ಜಿ. ಮೇಲೆ ಹಾರಿ ಕೆಳಗೆ ಬಂದರೆ ನೆಲಕ್ಕೆ ಗೊತ್ತಾಗುವುದಿಲ್ಲ. ಕೆಳಗಿನ ಅಂಗಡಿಯಲ್ಲಿ ಕೂತು ತಲೆಯ ಮೇಲಿನ ಧಡಧಡ ಕೇಳುತ್ತೇನಲ್ಲ, ಅದರಲ್ಲಿ ಅವಳದೊಂದು ಸದ್ದಿಲ್ಲ. ನಮ್ಮವಳದು ಎರಡಾಳಿನ ಸದ್ದು.

ಅಜ್ಜಿಗೂ ನನಗೂ ದಿನಾ ಜಟಾಪಟಿ. ಹೋದ ವಾರ ಮೊಮ್ಮಗಳ ಕಿವಿಯ ಓಲೆ ತೆಗೆಸಿದೆ ಎಂದು, ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಮೆಟ್ಟಿಲಿಡೀ ಹೇಳಿಕೊಂಡು ಇಳಿದರು. ಒಳ್ಳೆಯ ಹೆಂಗಸು. ಅಳತೆ ತೆಗೆಯುವಾಗ ಮೆಣಸಿಗೂ ಒಂದು ಬಿಸ್ಕತ್ತು ಕೊಟ್ಟರು.

ಮಾರ್ಚ್ 7, ಸಂಜೆ 6

ಹತ್ತೂ ಲಿಯೋಟಾರ್ಡ್ ಇಸ್ತ್ರಿ ಆಯಿತು. ನಂಬರಿನ ಬಟ್ಟೆಚೌಕ ಎದೆಗೊಂದು, ಬೆನ್ನಿಗೊಂದು, ಮೇಡಂ ಕೊಟ್ಟ ಪಟ್ಟಿ ನೋಡಿಕೊಂಡು ಪಿನ್ ಮಾಡಿದೆ. ಕನ್ನಡಕದ ಹುಡುಗಿ ನಾಲ್ಕು. ಮೆಣಸಿ ಏಳು. ಪಿನ್ನಿನ ಮೊನೆ ಮೈಗೆ ತಾಗದ ಹಾಗೆ ಒಳಗಿನಿಂದ ತುಂಡುಬಟ್ಟೆ ಕೊಟ್ಟಿದ್ದೇನೆ.

ಆಮೇಲೆ ಕತ್ತಿನ ಹೆಸರಿನ ಚೀಟಿ. ಬೆನ್ನಿನ ಕಡೆ ಕತ್ತು ಆಳ, ಚೀಟಿ ಇಣುಕುತ್ತಿತ್ತು. ಹತ್ತನ್ನೂ ಬಿಚ್ಚಿ ತೆಗೆದೆ. ಈಗ ತೂಗುಹಾಕಿದರೆ ಹತ್ತು ತಂಗಿಯರ ಹಾಗಿವೆ. ಹೆಮ್ಮೆಯಾಯಿತು. ಸುಳ್ಳು ಯಾಕೆ ಬರೆಯಲಿ.

ಮಾರ್ಚ್ 8, ಸಂಜೆ

ಮುಗಿಯಿತು. ಕಾಲು ನನ್ನವಲ್ಲ.

ಬೆಳಿಗ್ಗೆ ಏಳರಿಂದ ತುರುಬು. ಐದು ಮಕ್ಕಳ ತಾಯಂದಿರಿಗೆ ತುರುಬು ಕಟ್ಟಲು ಬರುವುದಿಲ್ಲ, ಎಲ್ಲ ನನ್ನ ತಲೆಗೆ. ಅಂದರೆ ಅವರ ತಲೆ ನನ್ನ ಕೈಗೆ. ಬಾಯಲ್ಲಿ ಹೇರ್‌ಪಿನ್, ಕೈಯಲ್ಲಿ ಸ್ಪ್ರೇ. ಬಟ್ಟೆ ಬದಲಿಸುವ ಕೋಣೆಗೆ ಗಂಡಸರು ಹೋಗುವಂತಿಲ್ಲ, ಲಿಯೋಟಾರ್ಡನ್ನು ಹ್ಯಾಂಗರ್ ಸಮೇತ ಬಾಗಿಲಲ್ಲೇ ಕೊಡುತ್ತಿದ್ದೆ. ನನ್ನ ಹೆಂಡತಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಬೆಳಗಿನ ಪಾಳಿ. ಹಾಗಾಗಿ ಮೆಣಸಿಗೂ ಅಜ್ಜಿಯೇ ತೊಡಿಸಿದರು. ಕೊನೆಗೆ ಉಳಿದದ್ದು ಅವೆರಡೇ. ಯಾವುದು ಯಾರದ್ದು ಟೈಲರಪ್ಪ ಎಂದು ಕೇಳಿದರು. ಎರಡೂ ಒಂದೇ ಅಳತೆ, ಯಾವುದಾದರೂ ಸರಿ ಎಂದೆ. ನಿಜಕ್ಕೂ ಎರಡೂ ಮೈಗೆ ಅಚ್ಚು ಹೊಯ್ದ ಹಾಗೆ ಕೂತವು. ಒಂದು ಸುಕ್ಕಿಲ್ಲ.

ಮೆಟ್ಟಿಲ ಬುಡದಲ್ಲಿ ಸಾಲು ನಿಲ್ಲಿಸಿ ಕೊನೆಯ ಸಲ ನೋಡಿದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ತುರುಬು ಸರಿ, ಟೈಟ್ಸ್ ಸರಿ, ಪಿನ್ ನೇರ. ಕನ್ನಡಕ ತೆಗೆಸಿದೆ. ಕೊಡುವಾಗ ಅವಳ ಕೈ ತಣ್ಣಗಿತ್ತು. ನಂಬರಿನ ಪ್ರಕಾರ ನಿಂತು ಮೇಲೆ ಹೋದರು. ಪರೀಕ್ಷಕಿ ಇಳಿದು ಬರುವಾಗ, ಮಕ್ಕಳನ್ನು ಇಷ್ಟು ಅಚ್ಚುಕಟ್ಟಾಗಿ ತಯಾರು ಮಾಡಿದ್ದು ಯಾರು ಎಂದು ಕೇಳಿದರಂತೆ.

ಮಾರ್ಚ್ 29

ಫಲಿತಾಂಶ. ಮೆಣಸಿಗೆ ಡಿಸ್ಟಿಂಕ್ಷನ್! ಹತ್ತರಲ್ಲಿ ಅದೊಂದೇ.

ಮೇಡಂ ಲಕೋಟೆಗಳ ಮೇಲೆ ಹೆಸರು ಬರೆದು ಕೊಟ್ಟರು. ಒಳಗಿನ ಹಾಳೆಯಲ್ಲಿ ನಂಬರು, ಅಂಕ, ಪರೀಕ್ಷಕಿಯ ನಾಲ್ಕು ಸಾಲು. ಪೂರ್ತಿ ಓದಲೂ ಇಲ್ಲ, ಅಂಕ ನೋಡಿ ಕಣ್ಣು ತುಂಬಿತು. ಹೆಂಡತಿಗೆ ಫೋನ್ ಮಾಡಿದೆ, ಅಣ್ಣನಿಗೆ, ಅತ್ತಿಗೆಗೆ, ಗುಂಡಿ ಕೊಡುವ ಅಂಗಡಿಯವನಿಗೂ. ಮೇಡಂ ಮಾತ್ರ ಎರಡೆರಡು ಸಲ ಹಾಳೆ ನೋಡಿದರು. ಪರೀಕ್ಷೆಯ ದಿನ ಯಾರು ಹೇಗೆ ಅರಳುತ್ತಾರೋ ಹೇಳಲಾಗದು ಎಂದರು.

ಮೆಣಸಿ ಹಾಳೆ ಓದಿ ಮಡಚಿಟ್ಟಳು. ಕುಣಿದಾಡಲಿಲ್ಲ. ದಣಿದಿರಬೇಕು. ಕಪ್ಪು ಬಟ್ಟೆ ಇಂದೇ ಕತ್ತರಿಸಿದೆ.

ಮಾರ್ಚ್ 31, ರಾತ್ರಿ 8

ಅಜ್ಜಿ ಅಂಗಡಿಗೆ ಬಂದರು. ಒಬ್ಬರೇ. ಮೊಮ್ಮಗಳು ಫೇಲು. ಜಗಳಕ್ಕೆ ಬಂದಿರಬೇಕು ಎಂದುಕೊಂಡೆ, ಅಲ್ಲ. ಹಾಳೆಯ ಅಕ್ಷರ ಸಣ್ಣದು, ಓದಿ ಹೇಳಿ ಎಂದರು. ಓದಿದೆ.

ಉತ್ಸಾಹ ಬಹಳ. ಸಂಗೀತಕ್ಕಿಂತ ಮುಂದೆ ಓಡುತ್ತಾಳೆ. ಇಳಿಯುವಾಗ ಭಾರವಾದ ಸದ್ದು. ಏಕಾಗ್ರತೆಯಲ್ಲಿ ನಾಲಿಗೆ ಹೊರಚಾಚುತ್ತಾಳೆ.

ಇನ್ನೊಮ್ಮೆ ಓದಿಸಿದರು. ಆಮೇಲೆ ಕೇಳಿದರು — “ನಮ್ಮ ಹುಡುಗಿ ಬಾಯಿ ತೆಗೆದದ್ದನ್ನೇ ನೀವು ನೋಡಿದ್ದೀರಾ, ಟೈಲರಪ್ಪ? ಇನ್ನು ನಾಲಿಗೆ ಎಲ್ಲಿಂದ ಬಂತು?”

ಪರೀಕ್ಷೆಯ ಭಯಕ್ಕೆ ಇರಬಹುದು ಎಂದೆ. ನನ್ನ ಬಾಯಿಂದಲೇ ಬಂತು ಆ ಮಾತು. ಇರಬಹುದು ಎಂದು ಎದ್ದರು. ಇನ್ನು ಕರೆತರುವುದಿಲ್ಲವಂತೆ. ಕಣ್ಣೂ ಸರಿಯಿಲ್ಲದ ಮಗು, ಇಲ್ಲದ ಆಸೆ ಹಚ್ಚಿ ಯಾಕೆ ಅಳಿಸಬೇಕು ಎಂದರು.

ಮನೆಗೆ ಬಂದು ಮೆಣಸಿಯ ಹಾಳೆ ತೆಗೆದೆ. ‘ದೃಷ್ಟಿ ಹೆಚ್ಚಾಗಿ ನೆಲದ ಕಡೆ. ಆದರೆ ಇಳಿಯುವುದು ಒಂದಿಷ್ಟೂ ಸದ್ದಿಲ್ಲದೆ. ಈ ವಯಸ್ಸಿನಲ್ಲಿ ಅಪರೂಪ.’

ಎರಡೂ ಒಂದೇ ಅಳತೆ. ಯಾವುದಾದರೂ ಸರಿ. ನಾನೇ ಹೇಳಿದ್ದು. ಅಜ್ಜಿ ಕೇಳಿದ್ದು ಯಾರದ್ದು ಎಂದು, ನಾನು ಉತ್ತರ ಕೊಟ್ಟಿದ್ದು ಸೊಂಟಕ್ಕೆ, ಹೆಗಲಿಗೆ. ಎದೆಯ ಮೇಲೆ ಅಂಗೈಯಗಲದ ಅಂಕಿ ಇತ್ತು. ನಾನೇ ಚುಚ್ಚಿದ್ದು. ಸಾಲಿನಲ್ಲಿ ನಿಲ್ಲಿಸಿದಾಗಲೂ ಪಿನ್ ನೇರ ಇದೆಯೇ ಎಂದು ನೋಡಿದೆ, ಅಂಕಿ ನೋಡಲಿಲ್ಲ. ಉಗುರುಬಣ್ಣ ಹತ್ತಡಿ ದೂರದಿಂದ ಕಾಣುವ ಕಣ್ಣು ಇದು.

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ಎಲೆಯ ನೊಣ ನೋಡಿದನಂತೆ. ಗಾದೆ ನನಗೇ ಮಾಡಿದ್ದು.

ಏಪ್ರಿಲ್ 2

ಕನ್ನಡಕದ ಹುಡುಗಿ ಬರಲಿಲ್ಲ. ಬಾಗಿಲಲ್ಲಿ ಯಾರನ್ನೂ ತಡೆಯಲಿಲ್ಲ. ಒಬ್ಬಳು ಬಳೆ ಹಾಕಿಕೊಂಡೇ ಒಳಗೆ ಹೋದಳು.

ಏಪ್ರಿಲ್ 5

ಮತ್ತೆ ಬರಲಿಲ್ಲ. ಮೇಡಂ ಎದುರು ಎರಡು ಸಲ ಬಾಯಿ ತೆರೆದೆ. ಒಂದು ಸಲ ಶೂ ದಾರದ ಬಗ್ಗೆ ಮಾತಾಡಿದೆ, ಇನ್ನೊಂದು ಸಲ ಫ್ಯಾನಿನ ಬಗ್ಗೆ. ಬಿಸಿತುಪ್ಪ. ನುಂಗಲೂ ಆಗದು, ಉಗುಳಲೂ ಆಗದು.

ಹೇಳಿದರೆ ಏನಾಗುತ್ತದೆ — ಗೊತ್ತು. ಬಾಗಿಲ ಕೆಲಸ ಹೋಗುತ್ತದೆ. ಹೋಗಲಿ. ಮೆಣಸಿ ಫೇಲಾಗುತ್ತಾಳೆ. ಊರಿಗೆಲ್ಲ ಫೋನ್ ಮಾಡಿ ಹೇಳಿದವನು ನಾನು. ಕಪ್ಪು ಲಿಯೋಟಾರ್ಡ್ ಮೆಷಿನ್ ಮೇಲೆ ಅರ್ಧ ಹೊಲಿದು ಕೂತಿದೆ.

ಹೆಂಡತಿಗೆ ಹೇಳಿದೆ. ಬಯ್ಯುತ್ತಾಳೆ ಅಥವಾ ಸುಮ್ಮನಿರಿ ಎನ್ನುತ್ತಾಳೆ ಎಂದುಕೊಂಡಿದ್ದೆ. ಎರಡನೆಯದಾಗಲಿ ಎಂದು ಆಸೆಯೂ ಇತ್ತು. ಅವಳು ಪಾತ್ರೆ ಒರೆಸುತ್ತಲೇ ಹೇಳಿದಳು —

“ನಮ್ಮ ಲ್ಯಾಬಲ್ಲಿ ಒಬ್ಬರ ರಕ್ತಕ್ಕೆ ಇನ್ನೊಬ್ಬರ ಹೆಸರು ಬಿದ್ರೆ, ಗೊತ್ತಾದ ತಕ್ಷಣ ಎರಡೂ ಮನೆಗೆ ಫೋನ್ ಮಾಡ್ತೀವಿ, ರೀ. ಖುಷಿಯಾಗಿ ಕೂತಿರೋ ಮನೆಗೂ ಮಾಡ್ತೀವಿ.”

ಆಮೇಲೆ ತಟ್ಟೆ ಜೋಡಿಸಿ, ಮಗುವಿಗೆ ಮೊದಲು ಹೇಳಿ, ಬೇರೆಯವರ ಬಾಯಿಂದ ಅವಳಿಗೆ ತಿಳಿಯುವುದು ಬೇಡ ಎಂದು ಮಲಗಲು ಹೋದಳು.

ಏಪ್ರಿಲ್ 7, ಸಂಜೆ 7:30

ಕ್ಲಾಸಿನಿಂದ ಬಂದ ಮೇಲೆ ಮೆಣಸಿಯ ತುರುಬು ಬಿಚ್ಚಲು ಕೂತೆ. ಇದೇ ಸಮಯ ಒಳ್ಳೆಯದು, ಮುಖ ನೋಡಬೇಕಾಗುವುದಿಲ್ಲ. ಎಂಟು ಪಿನ್ ತೆಗೆಯುವವರೆಗೂ ಮಾತು ಹೊರಡಲಿಲ್ಲ. ಒಂಬತ್ತನೆಯದಕ್ಕೆ, ಮಗಾ, ಪರೀಕ್ಷೆಯ ದಿನ ಅಪ್ಪನಿಂದ ಒಂದು ತಪ್ಪಾಯಿತು ಎಂದೆ.

“ಗೊತ್ತು. ನನಗೆ ಹಾಕಿದ್ದು ನಾಲ್ಕು. ಹಾಳೆಯಲ್ಲಿ ಏಳು ಅಂತಿತ್ತು.”

ಗೊತ್ತಿದ್ದೂ ಒಂಬತ್ತು ದಿನ ಯಾಕೆ ಹೇಳಲಿಲ್ಲ ಎಂದೆ. ಕಪ್ಪು ಲಿಯೋಟಾರ್ಡಿನ ಆಸೆಗೆ ಎಂದೇ ನಾನು ತಿಳಿದದ್ದು. ಹಾಗೆ ತಿಳಿದದ್ದಕ್ಕೆ ಈಗ ನಾಚಿಕೆಯಾಗುತ್ತಿದೆ.

“ನಂಬರ್ ಹಾಕಿದ್ದು ನೀನಲ್ವಾ ಅಪ್ಪ. ಹೇಳಿದ್ರೆ ಮೇಡಂ ನಿನ್ನನ್ನ ಬಾಗಿಲಿಂದ್ಲೇ ವಾಪಸ್ ಕಳಿಸ್ತಾರೆ ಅಂದ್ಕೊಂಡೆ.”

ತಪ್ಪು ಮಾಡಿದವರನ್ನು ಬಾಗಿಲಿಂದಲೇ ಕಳಿಸುವುದನ್ನು ಅವಳು ನೋಡಿದ್ದು ನನ್ನಲ್ಲೇ. ಎರಡು ವರ್ಷ ನೋಡಿದ್ದಾಳೆ.

ಉಳಿದ ಪಿನ್‌ಗಳನ್ನು ಅವಳೇ ತೆಗೆದಳು. ನನಗೆ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೂ ಅತ್ತಳು. ಫೇಲಾದೆ ಎಂದು ಅತ್ತಳು, ಸರಿಯಾಗಿ, ಗಟ್ಟಿಯಾಗಿ, ಒಂಬತ್ತು ದಿನದ್ದನ್ನೆಲ್ಲ ಸೇರಿಸಿ. ಅಮ್ಮ ಬಂದು ಎತ್ತಿಕೊಂಡಳು. ಮುಂದಿನ ವರ್ಷ ಮತ್ತೆ ಪರೀಕ್ಷೆ ಇದೆ ಎಂದು ನಾನು ಹೇಳಲಿಲ್ಲ. ಅದು ಈಗ ಹೇಳುವ ಮಾತಲ್ಲ.

ಏಪ್ರಿಲ್ 8

ಬೆಳಿಗ್ಗೆ ಅಜ್ಜಿಯ ಮನೆಗೆ ಹೋದೆ. ಒಳಗೆ ಕರೆದರು, ಕೂರಲಿಲ್ಲ. ನಿಂತೇ ಹೇಳಿದೆ. ಬಯ್ಯಲಿ ಎಂದು ಕಾದೆ. ಬಯ್ಯಲಿಲ್ಲ. ತೊಡಿಸಿದ ಕೈ ತಮ್ಮದು ಎಂದು ತಮ್ಮ ಕೈಯನ್ನೇ ನೋಡಿಕೊಂಡರು. ಕೇಳಿದ್ದಿರಿ ಅಜ್ಜಿ, ಹೇಳಬೇಕಾದವನು ನಾನು ಎಂದೆ. ಹುಡುಗಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಕನ್ನಡಕ ತೆಗೆದು ಫ್ರಾಕಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಅಷ್ಟೇ. ನಾಳೆ ಸಂಜೆ ಐದಕ್ಕೆ ಇಬ್ಬರೂ ನನ್ನ ಜೊತೆ ಮೇಡಂ ಬಳಿಗೆ ಬರುತ್ತಾರೆ. ಮೇಡಂ ಹೇಗೆ ತೆಗೆದುಕೊಳ್ಳುತ್ತಾರೋ. ಹೊರಗಿನ ಪರೀಕ್ಷಕಿ ಒಪ್ಪದಿದ್ದರೆ? 12ಕ್ಕೆ ಇನ್ನು ನಾಲ್ಕೇ ದಿನ.

ಏಪ್ರಿಲ್ 9, ಸಂಜೆ 4:50

ಮೇಡಂ ಕೋಣೆಯ ಹೊರಗಿನ ಬೆಂಚು. ಒಳಗೆ ಫೋನಿನಲ್ಲಿದ್ದಾರೆ. ಕೈ ಸುಮ್ಮನಿರಲಿ ಎಂದು ಬರೆಯುತ್ತಿದ್ದೇನೆ. ಹೇಳಬೇಕಾದ್ದನ್ನು ಬೆಳಿಗ್ಗೆಯಿಂದ ಹತ್ತು ಸಲ ಹೇಳಿಕೊಂಡಿದ್ದೇನೆ, ಒಂದು ಸಲವೂ ಮೊದಲ ವಾಕ್ಯ ಒಂದೇ ಥರ ಬಂದಿಲ್ಲ.

ಎದುರು ಬೆಂಚಿನಲ್ಲಿ ಅಜ್ಜಿ, ಮೊಮ್ಮಗಳು. ಮೆಣಸಿ ನನ್ನ ಪಕ್ಕ. ಮನೆಯಲ್ಲಿರು ಎಂದರೂ ಕೇಳಲಿಲ್ಲ. ಇಬ್ಬರು ಹುಡುಗಿಯರೂ ಬಂದಾಗಿನಿಂದ ಒಂದು ಮಾತಾಡಿಲ್ಲ.

ಈಗ ಮೆಣಸಿ ಎದ್ದು ಆ ಕಡೆ ಹೋಗಿ ಕೂತಳು. ಅವಳ ಕಿವಿಯಲ್ಲಿ ಏನೋ ಹೇಳಿದಳು. ಆ ಮಗು ನಗುತ್ತಿದೆ. ನಗುವುದು ಇದೇ ಮೊದಲ ಸಲ ನೋಡಿದ್ದು.

ಒಳಗೆ ಫೋನಿಟ್ಟ ಸದ್ದು. ನಾನು ಏಳುವ ಮೊದಲೇ ಇಬ್ಬರೂ ಎದ್ದರು. ಮೆಣಸಿ ಬಾಗಿಲು ತಟ್ಟಿಯೇ ಬಿಟ್ಟಳು. ನಾನು ಹೇಳ್ತೀನಿ ಅಪ್ಪ ಎನ್ನುತ್ತಿದ್ದಾಳೆ, ಇಲ್ಲ ಮಗಾ, ಇದು ನಾನೇ ಹೇಳಬೇಕಾದ್ದು. ಬಾಗಿಲು ತೆರೆಯುತ್ತಿದೆ —