ರಿಂಗ್ ಆಗೋ ಮುಂಚೆ ಅಮ್ಮ

ಭಾನುವಾರ, ಮಧ್ಯಾಹ್ನ

ಅಕ್ಕ,

'ಪ್ರೀತಿಯ' ಅಂತ ಬರೆದು ಹೊಡೆದುಹಾಕಿದೆ. ಇವತ್ತು ಅದು ಕೈಗೆ ಬರ್ತಿಲ್ಲ. ಅರ್ಧಕ್ಕೇ ಶಾಲೆ ಬಿಟ್ಟವಳ ಕಾಗದ ಇದು, ತಪ್ಪು ಸಿಕ್ಕಿದರೆ ನಿನ್ನ ಕೆಂಪು ಪೆನ್ನು ಎತ್ತಬೇಡ.

ಯಾಕೆ ಫೋನ್ ಮಾಡಲ್ಲ ಅಂತ ಕೇಳಿದ್ದೀಯ. ಹೇಗೆ ಮಾಡಲಿ? ಯಾರಿಗೆ ಮಾಡಿದರೂ ರಿಂಗ್ ಆಗೋ ಮುಂಚೆ ಅಮ್ಮ ಮಾತಾಡ್ತಾಳೆ. "ಎದೆ ಭಾರ ಅನ್ನಿಸ್ತಿದೆಯಾ? ದವಡೆ ನೋಯ್ತಿದೆಯಾ? ಗ್ಯಾಸ್ ಅಂತ ಸುಮ್ನೆ ಕೂರಬೇಡಿ. ಆಸ್ಪತ್ರೆಗೆ ಬನ್ನಿ, ತೋರಿಸಿ." ಅಮ್ಮ ಹೋದ ದಿನ ಸುದ್ದಿ ಹೇಳೋಕೆ ಮಾವನ ನಂಬರ್ ಒತ್ತಿದೆ. ಅಮ್ಮನೇ ಬಂದಳು. ಯಾಕೆ ಫೋನ್ ಮಾಡಿದೆ ಅನ್ನೋದೇ ಮರೆತು ಕೇಳುತ್ತಾ ನಿಂತುಬಿಟ್ಟೆ. ಆಮೇಲೆ ಮಾವ ಆ ಕಡೆಯಿಂದ ಹಲೋ ಹಲೋ ಅಂತ ಎಷ್ಟು ಹೊತ್ತು ಕೂಗಿದನೋ.

ಅದೆಲ್ಲ ನಿನ್ನ ಕೆಲಸ. ಕಾಯಿಲೆಯ ಅಪಾಯವನ್ನು ಜನಕ್ಕೆ ಹೇಗೆ ಹೇಳಿದರೆ ನಾಟುತ್ತೆ ಅಂತ ಯೂನಿವರ್ಸಿಟಿಯಲ್ಲಿ ಸಂಶೋಧನೆ. ಡಾಕ್ಟರ ದನಿ, ನಾಟಕದವನ ದನಿ, ಅಮ್ಮನ ದನಿ, ಮೂರನ್ನೂ ಜನಕ್ಕೆ ಕೇಳಿಸಿದಿರಿ. ಅಮ್ಮನ ಮಾತೇ ಎಲ್ಲರ ನೆನಪಲ್ಲಿ ಉಳಿಯಿತು. ಅದನ್ನೇ ಎಲ್ಲರ ಫೋನಿಗೂ ಹಾಕಿಸಿದಿರಿ. ಅವಳಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಟೈಲರ್ ಅಂಗಡಿಯಲ್ಲಿ ನನ್ನ ಪಕ್ಕ ಕೂತು ಶರ್ಟಿನ ಗುಂಡಿಗೆ ಕಾಜಾ ಹೊಲಿಯುತ್ತಾ, ಬಂದ ಗಿರಾಕಿಗಳಿಗೆಲ್ಲ "ನನ್ನ ದನಿ ಕೇಳಿದ್ರಾ?" ಅಂತಿದ್ದಳು. ಅಂಗಡಿಯ ಟೈಲರ್ ಮಾಸ್ಟ್ರು, "ಫೋನಲ್ಲೂ ನೀವೇ, ಅಂಗಡೀಲೂ ನೀವೇ, ನಾನೆಲ್ಲಿಗೆ ಓಡ್ಲಿ ತಾಯಿ?" ಅಂದರೆ, "ಎದೆ ನೋವು ಬಂದಾಗ ಓಡಿ, ಈಗ ಕಾಲರ್ ಕತ್ತರಿಸಿ" ಅನ್ನೋಳು. ಬೀದಿಯವರು ಗ್ಯಾಸಮ್ಮ ಅಂತ ಹೆಸರಿಟ್ಟರು. ಅದಕ್ಕೂ ಖುಷಿಪಟ್ಟಳು.

ಆಮೇಲೆ ಒಂದು ದಿನ ಅವಳಿಗೇ ಎದೆ ಭಾರ ಆಯಿತು. ಫೋನಲ್ಲಿ ಏನು ಹೇಳಿದ್ದಳೋ ಅದನ್ನೇ ಮಾಡಿದಳು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಸೀದಾ ಆಸ್ಪತ್ರೆಗೆ ನಡೆದಳು. ಎಲ್ಲಾ ಪರೀಕ್ಷೆ ಮಾಡಿ ಬರೀ ಗ್ಯಾಸ್ ಅಂದರು. "ನಿಮ್ಮ ಮಾತು ನಿಮಗೇ ತಗುಲಿಬಿಡ್ತಾ ಗ್ಯಾಸಮ್ಮಾ?" ಅಂದಳು ನರ್ಸು. ಡಾಕ್ಟರು ನಕ್ಕರು. ಅಂಗಡಿಯಲ್ಲಿ ಮಾಸ್ಟ್ರು ವಾರವೆಲ್ಲಾ ಅದನ್ನೇ ಎಳೆದರು. ಅವತ್ತು ಸಂಜೆ ಅಮ್ಮ ನಿನಗೆ ಫೋನ್ ಮಾಡಿ ಹೇಳಿದರೆ ನೀನು ಕೆಮ್ಮು ಬರೋ ತನಕ ನಕ್ಕೆ. "ಅಮ್ಮಾ, ಇದನ್ನ ನಮ್ಮ ಪ್ರೊಫೆಸರಿಗೆ ಹೇಳ್ಲೇಬೇಕು" ಅಂದೆ. ಅಮ್ಮನೂ ನಕ್ಕಳು. ಆದರೆ ಫೋನ್ ಇಟ್ಟಮೇಲೆ ಬಟ್ಟೆ ಎತ್ತಿಕೊಂಡು, ಇಲ್ಲದ ದಾರವನ್ನು ಹಲ್ಲಲ್ಲಿ ಕಡಿದಳು. ಅದು ನಿನಗೆ ಕಾಣಿಸಲಿಲ್ಲ. ನನಗೆ ಕಾಣಿಸಿತು.

ಯಾರೂ ಕೆಟ್ಟ ಮನಸ್ಸಿಂದ ನಗಲಿಲ್ಲ ಕಣೆ. ಅದೇ ನನ್ನ ಸಂಕಟ. ಬೈದು ಹಗುರಾಗೋಣ ಅಂದರೆ ಒಬ್ಬ ಪಾಪಿಯೂ ಸಿಗ್ತಿಲ್ಲ. ಮಾಸ್ಟ್ರನ್ನು ಬೈದರೆ ಕೆಲಸ ಹೋಗುತ್ತೆ. ಅದಕ್ಕೇ ನಿನ್ನನ್ನು ಬೈತಿದ್ದೀನಿ. ನೀನಾದರೆ ಎಲ್ಲಿಗೂ ಹೋಗಲ್ಲ.

ಎರಡನೇ ಸಲದ್ದನ್ನು ನಿನಗೆ ಪೂರ್ತಿ ಹೇಳಿಲ್ಲ. 'ಏನೂ ಗೊತ್ತಾಗಲಿಲ್ಲ, ಇದ್ದಕ್ಕಿದ್ದ ಹಾಗೆ ಹೋದಳು' ಅಂದಿದ್ದೆ. ಸುಳ್ಳು. ಅಂಗಡಿಯಲ್ಲಿ ಮಧ್ಯಾಹ್ನದ ಊಟ ಆದಮೇಲೆ ದವಡೆ ಹಿಡಿದುಕೊಂಡು ಕೂತಿದ್ದಳು. ಬೆವರುತ್ತಿದ್ದಳು. ಏಳು, ಆಸ್ಪತ್ರೆಗೆ ಹೋಗೋಣ ಅಂದೆ. "ಸುಮ್ನಿರೇ. ಮತ್ತೆ ಹೋದ್ರೆ ಆಸ್ಪತ್ರೆ ಗೋಡೆನೂ ನಗುತ್ತೆ. ನಿಮ್ಮಕ್ಕನ ಮರ್ಯಾದೆ ಏನಾಗ್ಬೇಕು?" ಅಂದಳು. ಕೈ ಹಿಡಿದು ಎಳೆದೆ, ಕೊಡವಿಕೊಂಡಳು. ಗಾಡಿ ತರೋಕೆ ರಸ್ತೆಗೆ ಓಡಿದೆ. ವಾಪಸು ಬರುವಷ್ಟರಲ್ಲಿ ಮಿಷಿನ್ನಿನ ಮೇಲೆ ತಲೆಯಿಟ್ಟಿದ್ದಳು. ಮಾಸ್ಟ್ರು ಕೈಯಲ್ಲಿ ಅಳತೆ ಟೇಪು ಹಿಡಿದುಕೊಂಡು, ಎಲ್ಲಿ ಮುಟ್ಟಬೇಕು ಅಂತ ತಿಳಿಯದೆ ನಿಂತಿದ್ದರು. ಅವಳು ಅರ್ಧ ಕಾಜಾ ಮಾಡಿಟ್ಟ ಶರ್ಟನ್ನು ಅವರು ಇವತ್ತಿಗೂ ನನಗೆ ಕೊಟ್ಟಿಲ್ಲ. ಗಿರಾಕಿಗೂ ಕೊಟ್ಟಿಲ್ಲ.

ಈಗ ನಿನ್ನ ಪ್ರೊಫೆಸರಿಗೆ ಇನ್ನೊಂದು ಸಾಲು ಬೇಕಂತೆ. ಅಮ್ಮನ ಮಾತು ಮುಗಿದ ಮೇಲೆ, 'ಈ ಸಂದೇಶ ನೀಡಿದ ಮಹಿಳೆ ಸ್ವತಃ ಹೃದಯಾಘಾತದಿಂದ ನಿಧನರಾದರು. ನೀವು ತಡಮಾಡಬೇಡಿ.' ಹೀಗೆ ಹೇಳಿದರೆ ಜನಕ್ಕೆ ಇನ್ನೂ ಚೆನ್ನಾಗಿ ನಾಟಬಹುದು, ಪರೀಕ್ಷೆ ಮಾಡಿ ನೋಡೋಣ, ಇಬ್ಬರು ಹೆಣ್ಣುಮಕ್ಕಳೂ ಒಪ್ಪಬೇಕು ಅಂತ ಬರೆದಿದ್ದೀಯ. ಅಮ್ಮ ಯಾವಾಗ ಮಹಿಳೆ ಆದಳು ಅಕ್ಕ?

ನಾನು ಒಪ್ಪಲ್ಲ. ಅದನ್ನು ಕೇಳಿದವರು ಏನಂತಾರೆ ಗೊತ್ತಾ? ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರೆ. ಊರಿಗೆಲ್ಲ ಬುದ್ಧಿ ಹೇಳಿ ತಾನು ಮಾತ್ರ ಮನೇಲಿ ಕೂತಳು ಅಂತಾರೆ. ಸತ್ತ ಮೇಲೂ ಅವಳನ್ನು ನೋಡಿ ನಗ್ತಾರೆ. ಅವಳು ಕೂತಿರಲಿಲ್ಲ. ಹೋಗಿದ್ದಳು. ಹೇಳಿದ ಹಾಗೇ ಹೋಗಿದ್ದಳು. ನಕ್ಕು ವಾಪಸು ಕಳಿಸಿದವರು ನಾವು.

ಸಾಲು ಸೇರಿಸಲೇಬೇಕು ಅಂದರೆ ಇದನ್ನು ಸೇರಿಸು: 'ಇದು ನಮ್ಮಮ್ಮ. ಒಂದು ಸಲ ಆಸ್ಪತ್ರೆಗೆ ಬಂದಿದ್ದಳು. ಗ್ಯಾಸ್ ಅಂದರು. ನಾವೆಲ್ಲ ನಕ್ಕೆವು. ಎರಡನೇ ಸಲ ನಾಚಿಕೊಂಡು ಬರಲಿಲ್ಲ. ನೀವು ಎಷ್ಟು ಸಲ ಆದರೂ ಬನ್ನಿ.' ನಾಟಕದವನ ಕೈಲಿ ಹೇಳಿಸಬೇಡ. ನೀನೇ ಹೇಳು. ಮಧ್ಯದಲ್ಲಿ ಅಳು ಬಂದರೆ ಅದನ್ನು ಕತ್ತರಿಸಿ ತೆಗೆಯಬೇಡ. ಅಮ್ಮ ಹೋದಾಗಿಂದ ನೀನು ಅತ್ತಿದ್ದನ್ನು ನಾನು ನೋಡಿಲ್ಲ. ಬರೀ ಕೆಲಸ ಮಾಡಿದ್ದು ನೋಡಿದ್ದೀನಿ.

ಹಾಗೆ ಹೇಳ್ತೀಯ ಅಂದರೆ ಮಾತ್ರ ನನ್ನ ಒಪ್ಪಿಗೆ. ಆಗ ಫೋನ್ ಮಾಡ್ತೀನಿ. ರಿಂಗ್ ಆಗೋ ಮುಂಚೆ ನೀವಿಬ್ಬರೂ ಇರ್ತೀರಿ.

ಇನ್ನೂ ಸಿಟ್ಟಲ್ಲೇ ಇರುವ,
ನಿನ್ನ ತಂಗಿ

ತಾ.ಕ.: ಮೊನ್ನೆ ಅಂಗಡಿಯಲ್ಲಿ ಅಮ್ಮನ ಜಾಗ ಗುಡಿಸುತ್ತಿದ್ದಾಗ ನನಗೂ ಎದೆ ಭಾರ ಆಯಿತು. ಯಾರಿಗೂ ಹೇಳದೆ ಒಬ್ಬಳೇ ಆಸ್ಪತ್ರೆಗೆ ಹೋದೆ. ಅದೇ ನರ್ಸು ಇದ್ದಳು. ಎಲ್ಲಾ ನೋಡಿ ಏನೂ ಇಲ್ಲಮ್ಮ ಅಂದಳು. ನಗಲಿಲ್ಲ. ನನ್ನ ಕೈ ಹಿಡಿದುಕೊಂಡು ಆ ಕಡೆ ಮುಖ ತಿರುಗಿಸಿದಳು. ಮತ್ತೆ ಹಾಗಾದರೆ ಮತ್ತೆ ಹೋಗ್ತೀನಿ. ನಿನಗೂ ಹಾಗೇನಾದರೂ ಆಗ್ತಿದ್ದರೆ ಹೇಳು ಅಕ್ಕ. ನಾನು ನಗಲ್ಲ.